ಚಿತ್ರದ ಕೆಳಗೆ ಮಗುವಿನ ಮಾತು

ಜೂನ್‌ನಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಹಲವರು ಮೊದಲ ಕೆಲವು ವಾರ ಬಾಯಿಯೇ ಬಿಡುವುದಿಲ್ಲ. ವಿಜಯಪುರ ಜಿಲ್ಲೆಯ ನಮ್ಮ ಸರ್ಕಾರಿ ಶಾಲೆಗೆ ಊರಿನ ಮಕ್ಕಳ ಜೊತೆ ತಾಂಡಾದ ಮಕ್ಕಳೂ ಬರುತ್ತಾರೆ. ಅವರ ಮನೆಮಾತು ಲಂಬಾಣಿ. ಅಂಗಳದಲ್ಲಿ ಕೂಗಾಡಿ ಆಡುವ ಮಗು ಒಳಗೆ ಬಂದೊಡನೆ ಗೋಡೆಗೆ ಒರಗಿ ಸುಮ್ಮನಾಗುತ್ತದೆ. "ನಿನ್ನ ಹೆಸರೇನವ್ವ?" ಎಂದರೆ ಲಂಗದ ಅಂಚು ಬಾಯಿಗೆ ಹೋಗುತ್ತದೆ. ಇಂಥ ಮಗುವಿಗೆ ಮಾತು ಕಲಿಸುವ ಮುಂಚೆ, ಮಾತಾಡಲೇಬೇಕು ಅನ್ನಿಸುವಂಥದ್ದೊಂದನ್ನು ಅದರ ಕೈಗೆ ಕೊಡಬೇಕು. ಅದಕ್ಕೆ ನನಗೆ ಒದಗಿದ್ದು ಮಣ್ಣು ಮತ್ತು ಬಣ್ಣ.

ನಮ್ಮ ಕಡೆ ಕಾಲವೂ ಕೂಡಿಬರುತ್ತದೆ. ಕಾರಹುಣ್ಣಿಮೆಯಲ್ಲಿ ಮಕ್ಕಳು ಎತ್ತಿನ ಕೋಡಿಗೆ ಬಣ್ಣ ಬಳಿಯುವುದನ್ನು ನೋಡಿರುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲದ ಎರೆಮಣ್ಣು ತರಿಸಿ, ಹರಳು ತೆಗೆದು, ನೀರು ಹಾಕಿ ಹದ ಮಾಡುವ ಕೆಲಸವನ್ನೂ ಮಕ್ಕಳಿಗೇ ಬಿಡುತ್ತೇನೆ. ಅಲ್ಲಿಂದಲೇ ಮಾತು ಶುರು. "ನೀರ ಬಾಳಾತು", "ಇನ್ನೊಂದೀಟು ಮಣ್ಣ ಹಾಕ", "ನಂದು ಅಂಟವಲ್ದು." ಯಾರೂ ಪಾಠ ಹೇಳಿಕೊಡುತ್ತಿಲ್ಲ, ಕೆಲಸ ಸಾಗಬೇಕಾದರೆ ಮಾತಾಡಲೇಬೇಕು. ಮೂರು ಮಕ್ಕಳಿಗೆ ಒಂದೇ ಬಟ್ಟಲು ನೀರು, ಒಂದೇ ಮುದ್ದೆ ಮಣ್ಣು ಇಡುತ್ತೇನೆ. ಎಲ್ಲರಿಗೂ ಎಲ್ಲವನ್ನೂ ಹಂಚಿಬಿಟ್ಟರೆ ಕೇಳುವ, ಕೊಡುವ, ಜಗಳಾಡಿ ರಾಜಿಯಾಗುವ ಅವಕಾಶವೇ ಉಳಿಯುವುದಿಲ್ಲ.

ಎತ್ತು ಆದ ಮೇಲೆ "ಇದೇನು?" ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ "ಎತ್ತು" ಎಂಬ ಒಂದೇ ಪದದ ಉತ್ತರ ಬಂದು ಮಾತು ಮುಗಿಯುತ್ತದೆ. ಕೆಲವೊಮ್ಮೆ ಮಗುವಿನ ಮುಖ ಬಾಡುತ್ತದೆ ಕೂಡ, ತಾನು ಮಾಡಿದ್ದು ಅಕ್ಕೋರಿಗೆ ಗುರುತೇ ಸಿಗಲಿಲ್ಲವೆಂದು. "ಚಲೋ ಆಗೈತಿ" ಎಂಬ ಮೆಚ್ಚುಗೆಯದೂ ಹೆಚ್ಚುಕಡಿಮೆ ಅದೇ ಫಲ. ನನಗೆ ಕಂಡದ್ದನ್ನು ಅಷ್ಟೇ ಹೇಳಿ, ಪಕ್ಕದಲ್ಲಿ ಕೂತು ಕಾಯುತ್ತೇನೆ. "ಈ ಎತ್ತಿನ ಕಾಲು ಬಾಳ ದಪ್ಪ ಅದಾವಲ್ಲ" ಎಂದು ಒಬ್ಬ ಹುಡುಗನಿಗೆ ಹೇಳಿ ಸುಮ್ಮನಾದೆ. ಬಹಳ ಹೊತ್ತಿನ ಮೇಲೆ ಅವನು, "ಅದು ಕೆಸರಾಗ ನಿಂತೈತ್ರಿ ಅಕ್ಕೋರ. ನಮ್ಮಪ್ಪ ಎಬ್ಬಸಾಕತ್ತಾನ" ಎಂದ. ಅಪ್ಪ ಆ ಮಣ್ಣಿನಲ್ಲಿ ಎಲ್ಲೂ ಇರಲಿಲ್ಲ. ಮಗು ಮಾಡಿದ್ದು ಎತ್ತನ್ನು, ಹೇಳಿದ್ದು ಕಥೆಯನ್ನು. ಕಾಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ಬೆನ್ನ ಹಿಂದೆ ನಲವತ್ತು ಮಕ್ಕಳ ಗದ್ದಲವಿರುವಾಗ ಒಬ್ಬರ ಪಕ್ಕ ಸುಮ್ಮನೆ ಕೂರಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಬಣ್ಣಕ್ಕೂ ಅಂಗಡಿಯೇ ಬೇಕೆಂದಿಲ್ಲ. ಕೆಮ್ಮಣ್ಣು, ಇದ್ದಿಲು, ಬೀಟ್‌ರೂಟ್, ಬಸಳೆ ಹಣ್ಣು ಸಾಕು. ಅರಿಶಿನದ ನೀರಿಗೆ ಎಲೆಅಡಿಕೆಯ ಸುಣ್ಣ ಚೂರು ಬೆರೆಸಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಆ ಗಳಿಗೆಯಲ್ಲಿ ಮೌನವಾಗಿ ಕೂತ ಮಗುವನ್ನು ನಾನು ಕಂಡಿಲ್ಲ. ಸುಣ್ಣ ಮಾತ್ರ ನಾನೇ ಬೆರೆಸುತ್ತೇನೆ, ಮಕ್ಕಳ ಕೈಗೂ ಕಣ್ಣಿಗೂ ತಾಗಬಾರದು.

ಇನ್ನು ಬರೆದುಕೊಳ್ಳುವ ಕೆಲಸ. ನನ್ನ ಪ್ರಕಾರ ಇದೇ ಇಡೀ ವಿಧಾನದ ಜೀವ. ಮಗು ಚಿತ್ರ ಬಿಡಿಸಿ ಅದರ ಬಗ್ಗೆ ಹೇಳಿದ್ದನ್ನು ಅದರ ಎದುರಿಗೇ ಚಿತ್ರದ ಕೆಳಗೆ ಬರೆಯುತ್ತೇನೆ. ತಿದ್ದುವುದಿಲ್ಲ. "ಯಾಡಿ ಬಾಟಿ ಮಾಡಾಕತ್ತಾಳ" ಎಂದರೆ ಹಾಗೆಯೇ, ಕನ್ನಡ ಅಕ್ಷರದಲ್ಲಿ (ಬಾಟಿ ಎಂದರೆ ರೊಟ್ಟಿ). ಬೆರಳಿಟ್ಟು ಓದಿ ತೋರಿಸುತ್ತೇನೆ. ಆಗ ಪಕ್ಕದಲ್ಲಿ ಕೂತ ಊರಿನ ಹುಡುಗಿ "ಯಾಡಿ ಅಂದ್ರ ಯಾರು?" ಎನ್ನುತ್ತಾಳೆ; ಅಷ್ಟು ದಿನ ಗೋಡೆಗೆ ಒರಗಿದ್ದವಳು "ಅವ್ವ" ಎಂದು ಇಡೀ ತರಗತಿಗೆ ಹೇಳಿಕೊಡುತ್ತಾಳೆ. ಮನೆಮಾತನ್ನು ಬಾಗಿಲಲ್ಲೇ ಬಿಟ್ಟು ಬಾ ಎಂದರೆ ಮಗು ಅದರ ಜೊತೆ ತನ್ನ ಧೈರ್ಯವನ್ನೂ ಬಿಟ್ಟು ಬರುತ್ತದೆ. ಶುದ್ಧ ಕನ್ನಡದ ವಾಕ್ಯಕ್ಕೆ ಅವಸರಪಡುವ ಸಹೋದ್ಯೋಗಿಗಳಿಗೆ ನಾನು ಇದನ್ನೇ ಹೇಳುವುದು.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ನಲಿ-ಕಲಿ ತರಗತಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಮೊದಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಈ ಪದ್ಧತಿ ಮಕ್ಕಳ ಕೈಗೆಟಕುವ ಕೆಳಹಲಗೆಯನ್ನೂ, ಚಿತ್ರ ತೂಗುಹಾಕುವ ಚಪ್ಪರವನ್ನೂ ಕೊಟ್ಟಿದೆ. ಆದರೆ ಚಪ್ಪರ ನಮ್ಮ ತಲೆಯ ಮೇಲಿರುತ್ತದೆ, ಮಕ್ಕಳ ಕಣ್ಣಿಗೆ ಚಿತ್ರದ ಬೆನ್ನು ಕಾಣುತ್ತದೆ. ಅದಕ್ಕೆ ಒಂದು ದಾರವನ್ನು ಗೋಡೆಯುದ್ದಕ್ಕೂ ಅವರ ಎದೆಮಟ್ಟಕ್ಕೆ ಕಟ್ಟಿದ್ದೇನೆ. ಊಟದ ಬಿಡುವಿನಲ್ಲಿ ಎರಡನೇ ತರಗತಿಯವರು ಒಂದನೆಯವರ ಚಿತ್ರದ ಕೆಳಗಿನ ಮಾತು ಓದುತ್ತಾರೆ. ತಪ್ಪು ಓದಿದರೆ ಇನ್ನೂ ಅಕ್ಷರ ಬಾರದ ಒಡತಿಯೇ ಬಂದು, "ಹಂಗಲ್ಲ, ನಾ ಹಿಂಗ ಅಂದಿದ್ದೆ" ಎಂದು ತಿದ್ದುತ್ತಾಳೆ.

ಸ್ವಲ್ಪ ಮಾತು ಕುದುರಿದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುವ ಆಟ. ಒಬ್ಬರು ತಮ್ಮ ಚಿತ್ರವನ್ನು ಮಾತಲ್ಲಿ ಹೇಳಬೇಕು, ಇನ್ನೊಬ್ಬರು ನೋಡದೆ ಬಿಡಿಸಬೇಕು. ಮೇಲೆ, ಕೆಳಗೆ, ಎಡಕ್ಕೆ, ಅದಕ್ಕಿಂತ ಸಣ್ಣದು ಎಂಬ ಮಾತುಗಳು ಇಲ್ಲಿ ಬಳಕೆಗೆ ಬರುವಷ್ಟು ಚೆನ್ನಾಗಿ ಯಾವ ಅಭ್ಯಾಸಹಾಳೆಯಲ್ಲೂ ಬರುವುದಿಲ್ಲ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ, ಎಲ್ಲಿ ಮಾತು ಸಾಲಲಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಕಬ್ಬು ಕಡಿಯಲು ಅವ್ವ-ಅಪ್ಪನ ಜೊತೆ ಮಹಾರಾಷ್ಟ್ರಕ್ಕೆ ಹೋಗಿ ನಡುವೆ ಮರಳುವ ಮಕ್ಕಳಿಗೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೊಡುತ್ತೇನೆ. ಒಂದೊಂದು ಮನೆಯಲ್ಲಿ ಒಂದೊಂದು ಚಿತ್ರ: ಟ್ರ್ಯಾಕ್ಟರ್, ಗುಡಿಸಲು, ಕಬ್ಬಿನ ಗದ್ದೆ, ವಾಪಸಾದದ್ದು. ಮೊದಲು, ಆಮೇಲೆ, ಅಷ್ಟರಾಗ ಎಂದು ಕೋದು ಹೇಳುವಾಗ ಉಳಿದವರು ಬಾಯಿ ತೆರೆದು ಕೇಳುತ್ತಾರೆ. ತಪ್ಪಿಹೋದ ಪಾಠಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಮಗುವಿಗೆ ಆ ಹೊತ್ತು ಎಲ್ಲರಿಗಿಂತ ಹೆಚ್ಚು ಹೇಳುವುದಿರುತ್ತದೆ.

ಅಚ್ಚು ಹಾಕಿದ ಗೆರೆಯೊಳಗೆ ಬಣ್ಣ ತುಂಬುವ ಹಾಳೆಗಳನ್ನು ನಾನು ಕೊಡುವುದಿಲ್ಲ. ಎಲ್ಲರದೂ ಒಂದೇ ಗಿಳಿಯಾದರೆ ಯಾರು ಯಾರಿಗೆ ಏನು ಹೇಳಬೇಕು?

ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವವರು ಎಲ್ಲರ ಮಾತನ್ನೂ ಒಂದೇ ದಿನ ಬರೆಯಲು ಹೋಗಬೇಡಿ. ದಿನಕ್ಕೆ ನಾಲ್ಕೈದು ಮಕ್ಕಳು ಸಾಕು, ಎರಡು ವಾರದೊಳಗೆ ಎಲ್ಲರ ಸರದಿಯೂ ಬರುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ ಮಗುವಿನ ಕಡತದಲ್ಲಿಡಿ. ಪಾಲಕರ ಸಭೆಯ ದಿನ ಜೂನ್‌ನ ಹಾಳೆಯನ್ನೂ ನವೆಂಬರಿನ ಹಾಳೆಯನ್ನೂ ಒಟ್ಟಿಗೆ ಅವ್ವನ ಕೈಗೆ ಕೊಟ್ಟು, ಓದಿ ಹೇಳುವ ಕೆಲಸವನ್ನು ಮಗುವಿಗೇ ಬಿಡಿ.