ಬ್ರೆಡ್ಡು ಬೇಯುವಷ್ಟರಲ್ಲಿ ಬ್ಯಾಡ್ಜೂ ರೆಡಿ

ಮಾರ್ಚ್ 17 ಐರ್ಲೆಂಡಿನವರಿಗೆ ತಮ್ಮ ನಾಡಿನ ಪೋಷಕ ಸಂತ ಸೇಂಟ್ ಪ್ಯಾಟ್ರಿಕ್ ಹಬ್ಬ. ಅಲ್ಲಿ ಅವತ್ತು ಸರ್ಕಾರಿ ರಜೆ, ಊರೂರಲ್ಲಿ ಮೆರವಣಿಗೆ. ಅಂಗಡಿಗಳಲ್ಲಿ ಹಸಿರು ಟೋಪಿ, ಪ್ಲಾಸ್ಟಿಕ್ ಆಟಿಕೆಗಳ ರಾಶಿ. ಮಕ್ಕಳು ಕೇಳುತ್ತಾರೆ ಅಂತ ಅದಕ್ಕೆಲ್ಲ ದುಡ್ಡು ಸುರಿಯಬೇಡಿ. ಅಡುಗೆಮನೆಯಲ್ಲಿ ಮಕ್ಕಳ ಕೈಗೇ ಕೆಲಸ ಕೊಡಿ. ಹಬ್ಬ ಅವರಿಗೆ ಹಿಡಿಸುವುದೇ ಆವಾಗ.

ಮೊದಲು ಐರ್ಲೆಂಡಿನ ಸೋಡಾ ಬ್ರೆಡ್. ಇದಕ್ಕೆ ಈಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವುದೂ ಬೇಡ. ಅದಕ್ಕೇ ಮಕ್ಕಳಿಗೆ ಇದು ಚೆನ್ನ. 450 ಗ್ರಾಂ ಮೈದಾಗೆ ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಕಟ್ಟದೆ ಸಮ ಮಾಡಿ ಅಳೆಯಿರಿ. ಸೋಡಾ ಜಾಸ್ತಿಯಾದರೆ ಬ್ರೆಡ್ಡಿಗೆ ಸೋಪಿನ ರುಚಿ ಬರುತ್ತದೆ. ಮೂರನ್ನೂ ಜರಡಿ ಹಿಡಿಯುವ ಕೆಲಸ ಚಿಕ್ಕವರಿಗೆ ಬಿಡಿ.

ಹಿಟ್ಟು ಕಲೆಸಲು ಅಲ್ಲಿ ಬಳಸುವುದು ಬಟರ್‌ಮಿಲ್ಕ್, ಅದು ನಮ್ಮ ನೀರು ಮಜ್ಜಿಗೆಗಿಂತ ಮಂದ. ಹುಳಿ ಮೊಸರಿಗೆ ಸ್ವಲ್ಪ ನೀರು ಬೆರೆಸಿ ಕಡೆದರೆ ಹದ ಸರಿಯಾಗುತ್ತದೆ. ಹುಳಿ ಇರಲೇಬೇಕು. ಸೋಡಾಗೆ ಹುಳಿ ಸೇರಿದಾಗಲೇ ಗ್ಯಾಸ್ ಹುಟ್ಟಿ ಬ್ರೆಡ್ ಉಬ್ಬುವುದು. ಸುಮಾರು 350 ಮಿಲಿ ಸುರಿದು, ಬೆರಳು ಅಗಲಿಸಿ ಸುತ್ತಲೂ ಒಂದೆರಡು ಸಲ ಕೈಯಾಡಿಸಿ. ಚಪಾತಿ ಹಿಟ್ಟಿನ ಥರ ನಾದಬೇಡಿ, ಬ್ರೆಡ್ ಗಟ್ಟಿಯಾಗುತ್ತದೆ. ಕೈಗೆ ಅಂಟುವಷ್ಟು ಮೆತ್ತಗಿದ್ದರೇ ಸರಿ. ಗುಂಡಗೆ ಮಾಡಿ, ಮೇಲೆ ಆಳವಾಗಿ ಪ್ಲಸ್ ಗುರುತು ಕೊಯ್ಯಿರಿ. ಆಗ ಒಳಗಿನವರೆಗೂ ಬಿಸಿ ಇಳಿಯುತ್ತದೆ. ಅಲ್ಲಿನ ಹಿರಿಯರು ಮಾತ್ರ, ಕಿನ್ನರಿಯರು ಹೊರಗೆ ಹೋಗಲು ದಾರಿ ಅಂತ ನಾಲ್ಕು ಮೂಲೆಗೂ ಒಂದೊಂದು ಸಲ ಚುಚ್ಚಿಸುತ್ತಾರೆ. ಈ ಚುಚ್ಚುವ ಕೆಲಸಕ್ಕೆ ಮಕ್ಕಳು ನಾ ಮುಂದು ತಾ ಮುಂದು ಅಂತ ಬರುತ್ತಾರೆ, ನೋಡಿ!

ಹಿಟ್ಟು ಕಲೆಸುವ ಮುಂಚೆಯೇ ಓವನ್ ಕಾದಿರಲಿ. 230 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 200ಕ್ಕೆ ಇಳಿಸಿ ಅರ್ಧ ಗಂಟೆ. ಓವನ್ ಹತ್ತಿರ ದೊಡ್ಡವರೇ ನಿಲ್ಲಬೇಕು.

ಅಷ್ಟರಲ್ಲಿ ಬ್ಯಾಡ್ಜ್ ಮಾಡಬಹುದು. ಶ್ಯಾಮ್‌ರಾಕ್ ಅಂದರೆ ಮೂರೆಲೆಯ ಪುಟ್ಟ ಗಿಡ. ಹಬ್ಬದ ದಿನ ಅದನ್ನೇ ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಾವು ಅದರ ಅಚ್ಚನ್ನು ಕ್ಯಾಪ್ಸಿಕಂನಿಂದ ಒತ್ತೋಣ. ಕ್ಯಾಪ್ಸಿಕಂ ತರುವಾಗ ಬುಡ ತಿರುಗಿಸಿ ನೋಡಿ, ಮೂರು ಉಬ್ಬು ಇರುವುದನ್ನೇ ಆರಿಸಿ. ನಾಲ್ಕಿದ್ದರೆ ಅದು ಅದೃಷ್ಟದ ಎಲೆ ಆಗಬಹುದು, ಶ್ಯಾಮ್‌ರಾಕ್ ಆಗುವುದಿಲ್ಲ. ಅಡ್ಡಕ್ಕೆ ಕೊಯ್ದು, ಬೀಜ ತೆಗೆದು, ಕೊಯ್ದ ಕಡೆ ಬಟ್ಟೆಯಿಂದ ಒರೆಸಿ. ತೇವ ಉಳಿದರೆ ಬಣ್ಣ ಹರಡುತ್ತದೆ. ತಟ್ಟೆಯಲ್ಲಿ ಹಸಿರು ಬಣ್ಣ ತೆಳ್ಳಗೆ ಸವರಿ, ಅದರಲ್ಲಿ ಅದ್ದಿ, ದುಂಡಗೆ ಕತ್ತರಿಸಿದ ರಟ್ಟಿನ ಮೇಲೆ ಒತ್ತಿಸಿ. ತೊಟ್ಟನ್ನು ಬೆರಳಲ್ಲೇ ಎಳೆಯಲಿ. ಒಣಗಿದ ಮೇಲೆ ಹಿಂದೆ ಹಸಿರು ರಿಬ್ಬನ್ ಅಂಟಿಸಿ, ಪಿನ್ನು ಹಾಕಿ. ಐರ್ಲೆಂಡಿನ ಮಕ್ಕಳು ಹಿಂದೆಲ್ಲ ಕಾಗದ, ರಿಬ್ಬನ್ನಿನಲ್ಲಿ ಇಂಥವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು.

ಬ್ರೆಡ್ಡಿನ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಆಗ ಬೆಂದಿದೆ ಅಂತ ಲೆಕ್ಕ. ಸ್ವಲ್ಪ ಆರಿದ ಮೇಲೆ ಕೊಯ್ದು, ಬೆಣ್ಣೆ ಧಾರಾಳವಾಗಿ ಹಚ್ಚಿ ಕೊಡಿ. ಹಸಿರು ಬಣ್ಣ ಬೆರೆಸಿದ ಕೇಕು ಖಂಡಿತ ಬೇಡ, ಮಕ್ಕಳಿಗೆ ಇದೇ ಒಳ್ಳೆಯದು. ಮಾರನೇ ದಿನಕ್ಕೆ ಬ್ರೆಡ್ ಒಣಗುತ್ತದೆ, ಉಳಿದ ಚೂರನ್ನು ಕಾವಲಿ ಮೇಲೆ ಬಿಸಿ ಮಾಡಿ ಜಾಮ್ ಹಚ್ಚಿ ಕೊಡಿ.