ಲೆಪರ್ಡ್ ಪ್ರೊಟೊಟೈಪ್ ಎ: ಏಟು ತಿನ್ನದೆ ಆಡುವ ಬಗೆ

ಆನ್‌ಲೈನ್ ಟ್ಯಾಂಕ್ ಕಾಳಗದ ಆಟ ವರ್ಲ್ಡ್ ಆಫ್ ಟ್ಯಾಂಕ್ಸ್‌ನ ಜರ್ಮನ್ ಮೀಡಿಯಂ (ಮಧ್ಯಮ ತೂಕದ) ಟ್ಯಾಂಕ್ ಸಾಲಿನಲ್ಲಿ ಟಿಯರ್ 9ಕ್ಕೆ, ಅಂದರೆ ಒಂಬತ್ತನೇ ಹಂತಕ್ಕೆ ಬಂದವರು ಈ ಟ್ಯಾಂಕನ್ನು ಬೈಯುವುದು ಒಂದೇ ಕಾರಣಕ್ಕೆ: ಕವಚ ತೀರಾ ತೆಳು. ಇದು ಆಟ ಮಾಡಿದವರ ಕಿತಾಪತಿಯಲ್ಲ. 1957ರಲ್ಲಿ ಪಶ್ಚಿಮ ಜರ್ಮನಿ ಕೇಳಿದ್ದೇ ಇಂಥ ಗಾಡಿ. ತೂಕ 30 ಟನ್, ಟನ್ನಿಗೆ 30 ಅಶ್ವಶಕ್ತಿ, ಸುತ್ತಲೂ 20 ಮಿ.ಮೀ. ಗುಂಡು ತಡೆಯುವಷ್ಟು ಉಕ್ಕು. ಹೀಟ್ (HEAT) ಎಂಬ ಕವಚಭೇದಕ ಗುಂಡುಗಳು ದಪ್ಪ ಉಕ್ಕನ್ನೂ ಕೊರೆಯುವ ಕಾಲದಲ್ಲಿ ಭಾರ ಹೊರುವುದಕ್ಕಿಂತ ಓಡಿ ಬದುಕುವುದೇ ಜಾಣತನ ಎಂಬ ಲೆಕ್ಕ. ನೀವೂ ಅದೇ ಲೆಕ್ಕದಲ್ಲಿ ಆಡಬೇಕು.

ಕೊಂಡ ಕೂಡಲೇ ಯಾವ ಟ್ಯಾಂಕಿಗೂ ಬಳಸಬಹುದಾದ ಅನುಭವದ ಅಂಕ, ಅಂದರೆ ಫ್ರೀ ಎಕ್ಸ್‌ಪಿ ಖರ್ಚು ಮಾಡಿ 105 ಮಿ.ಮೀ. ಎಲ್7 ಫಿರಂಗಿ ತನ್ನಿ. ಮೊದಲು ಸಿಗುವ 90 ಮಿ.ಮೀ. ಫಿರಂಗಿಯ ಏಟು (ಒಂದು ಗುಂಡಿನ ಹಾನಿ) 240. ಇದರದ್ದು 390, ಅದೃಷ್ಟದ ಮೇಲೆ 293ರಿಂದ 488ರವರೆಗೆ. ನಿಜವಾದ ಮೊದಲ ಪ್ರೊಟೊಟೈಪ್‌ಗಳಲ್ಲೂ 90 ಮಿ.ಮೀ. ಫಿರಂಗಿಯೇ ಇತ್ತು, ಎಲ್7 ಬಂದದ್ದು ಆಮೇಲೆ. ಬೇಗ ರೀಲೋಡ್ ಮಾಡಿಸುವ ಗನ್ ರ‍್ಯಾಮರ್, ಓಡುವಾಗ ಗುರಿ ಹೆಚ್ಚು ಅಲುಗದಂತೆ ಹಿಡಿಯುವ ವರ್ಟಿಕಲ್ ಸ್ಟೆಬಿಲೈಸರ್ ಎರಡೂ ಬೇಕೇ ಬೇಕು. ಮೂರನೆಯದು ದೂರ ಕಾಣಿಸುವ ಆಪ್ಟಿಕ್ಸ್. ಟ್ಯಾಂಕಿನ ಹಿಟ್ ಪಾಯಿಂಟ್ (ಜೀವದ ಅಂಕ) ಹೆಚ್ಚಿಸುವ ಹಾರ್ಡನಿಂಗ್‌ಗೆ ಕ್ರೆಡಿಟ್ ಸುರಿಯಬೇಡಿ.

ಕ್ರೂ (ಟ್ಯಾಂಕಿನ ಸಿಬ್ಬಂದಿ) ಟಿಯರ್ 8ರ ಇಂಡಿಯೆನ್-ಪಾಂಜರ್‌ನಿಂದ ಬರುತ್ತದೆ. (ಅದು ಭಾರತಕ್ಕೆಂದೇ ಯೋಜಿಸಿದ್ದ ಟ್ಯಾಂಕ್, ನಮ್ಮ ಸೇನೆ ಕೊನೆಗೆ ಬ್ರಿಟನ್ನಿನ ವಿಕರ್ಸ್ ವಿನ್ಯಾಸ ಒಪ್ಪಿತು, ಆವಡಿಯಲ್ಲಿ ವಿಜಯಂತ ತಯಾರಾಯಿತು.) ಎಲ್ಲರಿಗೂ ಮೊದಲು ಕ್ಯಾಮೊಫ್ಲಾಜ್ ಕಲಿಸಿ, ರಿಪೇರಿ ಆಮೇಲಾಯಿತು.

ಇನ್ನು ಪೊದೆಯ ವಿಷಯ. ಹೆಚ್ಚಿನವರು ಸಾಯುವುದು ಇಲ್ಲೇ. ಪೊದೆಗೆ ಅಂಟಿಕೊಂಡು ಗುಂಡು ಹಾರಿಸಿದರೆ ಆ ಪೊದೆ ಕೊಡುತ್ತಿದ್ದ ಮರೆ ಬಹುಪಾಲು ಹೋಗುತ್ತದೆ, ನೀವು ಸ್ಪಾಟ್ ಆಗುತ್ತೀರಿ (ಶತ್ರುವಿನ ಕಣ್ಣಿಗೆ ಬೀಳುತ್ತೀರಿ). ಗಾಡಿಯಿಂದ 15 ಮೀಟರ್ ಒಳಗಿನ ಪೊದೆಗಳಿಗೆಲ್ಲ ಇದೇ ನಿಯಮ. ಪೊದೆಯ ಹತ್ತಿರ ಹೋದಾಗ ಅದು ಪಾರದರ್ಶಕವಾಗುತ್ತದಲ್ಲ? ನಿಧಾನವಾಗಿ ರಿವರ್ಸ್ ತೆಗೆದುಕೊಳ್ಳಿ. ಎಲೆ ಮತ್ತೆ ದಟ್ಟವಾಗಿ ಕಂಡ ಕೂಡಲೇ ನಿಲ್ಲಿ, ಏಮ್ ಪೂರ್ತಿ ಕೂತ ಮೇಲೆ ಹೊಡೆಯಿರಿ. ಆದರೆ ಅಲ್ಲಿಂದ ಶತ್ರುವನ್ನು ನೀವೇ ಸ್ಪಾಟ್ ಮಾಡುವುದು ಕಷ್ಟ. ಮುಂದೆ ನಿಮ್ಮ ಕಡೆಯ ಲೈಟ್ ಟ್ಯಾಂಕ್ ಇಲ್ಲದಿದ್ದರೆ ಈ ಉಪಾಯ ದಂಡ. ನೀವು ಸ್ಪಾಟ್ ಆದಿರೆಂದು ಎಚ್ಚರಿಸುವ ಸಿಕ್ಸ್ತ್ ಸೆನ್ಸ್ ಬಲ್ಬ್ ಹೊತ್ತುವುದು ನೀವು ಶತ್ರುವಿಗೆ ಕಂಡ 3 ಸೆಕೆಂಡಿನ ಬಳಿಕ. ಇನ್ನೊಂದು ಗುಂಡಿನ ಆಸೆ ಬಿಟ್ಟು ಆಗಲೇ ಜಾಗ ಖಾಲಿ ಮಾಡಿ.

ಪೊದೆಯಿಲ್ಲದ ಮ್ಯಾಪ್‌ನಲ್ಲಿ ದಿಬ್ಬ ಹುಡುಕಿ. ಅಸಲಿ ಲೆಪರ್ಡ್‌ನ ನಳಿಕೆ 9 ಡಿಗ್ರಿ ಕೆಳಗೆ ಬಾಗುತ್ತಿತ್ತು, ಆಟದಲ್ಲೂ ಈ ಗುಣ ಉಳಿದಿದೆ. ಹಲ್ (ಗಾಡಿಯ ಒಡಲು) ಕೆಳಗಿರಲಿ, ಗೋಪುರ ಮಾತ್ರ ಮೇಲೇಳಲಿ. ಹಾಗೆಂದು ಗೋಪುರ ಗುಂಡು ತಡೆಯುತ್ತದೆಂದು ನಂಬಿ ಅಲ್ಲೇ ರೀಲೋಡ್ ಮಾಡುತ್ತ ಕೂರಬೇಡಿ. ಹೊಡೆದು ಇಳಿಯಿರಿ, ಮುಂದಿನ ಸಲ ಹತ್ತಾರು ಮೀಟರ್ ಪಕ್ಕದಿಂದ ಏಳಿ. ಬ್ರಿಟಿಷ್ ಟ್ಯಾಂಕ್‌ಗಳ ತೆಳು ಕವಚಕ್ಕೆ ಮಾರಕವಾದ ಹೆಶ್ (HESH) ಗುಂಡು ಎದುರಾದರೆ ಈ ಆಟವೂ ಬೇಡ, ದೂರ ಸರಿಯಿರಿ.