ನೆತ್ತಿಯ ಮೇಲೆ ಬಿಸಿಲಿದ್ದಾಗಲೇ ಕರೆಂಟ್ ಹೋದರೆ: ಮನೆಯ ಸೋಲಾರ್ ಬ್ಯಾಟರಿಯ ಸೆಟ್ಟಿಂಗ್ ನೋಡುವುದು ಹೇಗೆ?

ಪುಣೆಯ ಧನಕವಡಿಯ ನಮ್ಮ ಮನೆಯಲ್ಲಿ ಹೋದ ಬೇಸಿಗೆಯಲ್ಲಿ ದಿನಾ ಒಂದೇ ಗೋಳು. ಮಧ್ಯಾಹ್ನ ಹನ್ನೆರಡೂವರೆ ದಾಟಿತೆಂದರೆ, ತಾರಸಿಯ ಮೇಲೆ ಬಿಸಿಲು ಸುರಿಯುತ್ತಿರುವಾಗಲೇ, ಇನ್ವರ್ಟರ್ ಕೀಂ ಎಂದು ಕೂಗಿ ಮನೆಯ ಕರೆಂಟ್ ಹೋಗಿಬಿಡುವುದು. ಸ್ವಲ್ಪ ಹೊತ್ತಿಗೆ ತಾನೇ ಬರುವುದು, ಮತ್ತೆ ಹೋಗುವುದು. ಅಮ್ಮನಿಗೆ ಉಬ್ಬಸ. ನೆಬ್ಯುಲೈಸರ್ ಅರ್ಧಕ್ಕೆ ನಿಂತು, ಅವಳು ಮಾಸ್ಕ್ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದಳು. ಬಂದ ಮೆಕ್ಯಾನಿಕ್ ಎರಡು ನಿಮಿಷ ನೋಡಿ ‘ಬ್ಯಾಟರೀ ಖರಾಬ್ ಝಾಲೀ, ಬದಲಾವೀ ಲಾಗೇಲ್’ (ಬ್ಯಾಟರಿ ಕೆಟ್ಟಿದೆ, ಬದಲಿಸಬೇಕು) ಎಂದುಬಿಟ್ಟರು. ಬ್ಯಾಟರಿ ತಂದು ಆರು ತಿಂಗಳೂ ಆಗಿರಲಿಲ್ಲ.

ಬ್ಯಾಟರಿ ಕೆಟ್ಟಿರಲಿಲ್ಲ. ಹಳೆಯ ನಾಲ್ಕು ಟ್ಯೂಬ್ಯುಲರ್ ಬ್ಯಾಟರಿ (ನೀರು ಹಾಕುವ ಸೀಸ-ಆ್ಯಸಿಡ್ ಬ್ಯಾಟರಿ) ತೆಗೆದು ಲಿಥಿಯಂ ಪ್ಯಾಕ್ ಕೂರಿಸಿದವರು ವೈರ್ ಬದಲಿಸಿದ್ದರು, ಇನ್ವರ್ಟರ್ ಒಳಗಿನ ಸೆಟ್ಟಿಂಗ್ ಬದಲಿಸಿರಲಿಲ್ಲ. ಅಂದಿನಿಂದ ಇಲ್ಲಿನ ನಮ್ಮ ಕನ್ನಡದವರ ಐದಾರು ಮನೆಗಳಲ್ಲಿ ಇನ್ವರ್ಟರ್ ಪರದೆ ನೋಡಿದ್ದೇನೆ. ಹೆಚ್ಚಿನ ಕಡೆ ತಪ್ಪು ಇದ್ದದ್ದು ಸೆಟ್ಟಿಂಗ್‌ನಲ್ಲಿ. ಕೈಪಿಡಿ ಇಂಗ್ಲಿಷಿನಲ್ಲಿ, ಮೆಕ್ಯಾನಿಕ್ ಮಾತು ಮರಾಠಿಯಲ್ಲಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಮಕ್ಕಳ ಜೊತೆ ನೆಲೆಸಿದ ಹಿರಿಯರು ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಇದನ್ನು ಕನ್ನಡದಲ್ಲಿ ಹೇಳಬೇಕೆನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟರಿ ಇಲ್ಲದ, ಮಹಾವಿತರಣದ (ಮಹಾರಾಷ್ಟ್ರದ ವಿದ್ಯುತ್ ಕಂಪನಿ) ನೆಟ್ ಮೀಟರ್‌ಗೆ, ಅಂದರೆ ಕೊಟ್ಟ, ಪಡೆದ ಕರೆಂಟ್ ಎರಡನ್ನೂ ಅಳೆಯುವ ಮೀಟರ್‌ಗೆ, ಸೇರಿಸಿದ ಆನ್‌ಗ್ರಿಡ್ ಸೋಲಾರ್ ನಿಮ್ಮದಾಗಿದ್ದರೆ, ಲೈನ್ ಕರೆಂಟ್ ಹೋದಾಗ ಅದೂ ನಿಲ್ಲುವುದು ದೋಷವಲ್ಲ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ. ಮುಂದಿನದೆಲ್ಲ ಬ್ಯಾಟರಿ ಇರುವ ಹೈಬ್ರಿಡ್ (ಲೈನ್‌ಗೂ ಸೇರಿದ್ದು) ಅಥವಾ ಆಫ್‌ಗ್ರಿಡ್ (ಲೈನ್‌ಗೆ ಕರೆಂಟ್ ಕೊಡದ್ದು) ವ್ಯವಸ್ಥೆಗೆ.

ಮೊದಲು ಬ್ಯಾಟರಿಯ ಚೀಟಿ ಓದಿ

ಮೊಬೈಲ್‌ನಲ್ಲಿ ಬ್ಯಾಟರಿಯ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ಬೇಕಾದದ್ದು ಮೂರೇ ಸಂಗತಿ: ಯಾವ ಜಾತಿಯ ಬ್ಯಾಟರಿ, ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅವರ್. ವೋಲ್ಟನ್ನೂ ಆಂಪಿಯರ್ ಅವರ್ ಅನ್ನೂ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ; ಸಾವಿರ ವ್ಯಾಟ್ ಅವರ್ ಎಂದರೆ ಬಿಲ್‌ನ ಒಂದು ಯೂನಿಟ್. 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಎಂದರೆ 1.8 ಯೂನಿಟ್. ಅದರಲ್ಲಿ ಅರ್ಧದಷ್ಟು ಮಾತ್ರ ಬಳಸಿದರೆ ಬಾಳಿಕೆ ಬರುತ್ತದೆ. 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಎಂದರೆ 5.12 ಯೂನಿಟ್. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ನಿಶ್ಚಿಂತೆಯಿಂದ ಬಳಸಬಹುದು.

ಲಿಥಿಯಂ ಪ್ಯಾಕ್ ಮೇಲೆ 51.2 ಎಂದಿದೆಯೋ 48 ಎಂದಿದೆಯೋ ಕನ್ನಡಕ ಹಾಕಿಕೊಂಡೇ ನೋಡಿ. ಒಂದು ಸೆಲ್‌ಗೆ 3.2 ವೋಲ್ಟ್. 51.2 ಎಂದರೆ ಒಳಗೆ 16 ಸೆಲ್, 48 ಎಂದರೆ 15. ಅಂಗಡಿಯಲ್ಲಿ ಎರಡನ್ನೂ ‘48 ವೋಲ್ಟ್ ಲಿಥಿಯಂ’ ಎಂದೇ ಮಾರುತ್ತಾರೆ. 16 ಸೆಲ್‌ನ ಲೆಕ್ಕದಲ್ಲಿ 56 ವೋಲ್ಟ್ ಕೊಟ್ಟರೆ 15 ಸೆಲ್‌ನ ಪ್ಯಾಕ್‌ನಲ್ಲಿ ತಲಾ 3.73 ವೋಲ್ಟ್ ಬೀಳುತ್ತದೆ. ಅದರ ಗರಿಷ್ಠ ಮಿತಿ 3.65.

ಕೈ ಹಾಕುವ ಮುನ್ನ

ಬಳೆ, ಉಂಗುರ, ಕೈಗಡಿಯಾರ ತೆಗೆದಿಡಿ, ಮಾಂಗಲ್ಯದ ಸರ ಸೆರಗಿನೊಳಗೆ ಸೇರಿಸಿ. ಬ್ಯಾಟರಿಯ ಎರಡು ಕೊನೆಗಳಿಗೆ ಚಿನ್ನದ ಬಳೆ ತಾಗಿದರೆ ಅದು ಕ್ಷಣದಲ್ಲಿ ಕೆಂಡವಾಗುತ್ತದೆ. ಟ್ಯೂಬ್ಯುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತದೆ. ದೇವರ ದೀಪ, ಊದುಬತ್ತಿ ಆ ಕೋಣೆಯಲ್ಲಿ ಬೇಡ.

ಆರಿಸುವ (ಆಫ್ ಮಾಡುವ) ಕ್ರಮ ಹೀಗೆ: ಮೊದಲು ಮನೆಯ ಲೋಡ್, ಆಮೇಲೆ ಲೈನ್ ಕರೆಂಟ್, ಆಮೇಲೆ ಪ್ಯಾನೆಲ್‌ನ ಡಿಸಿ ಸ್ವಿಚ್, ಎಲ್ಲಕ್ಕಿಂತ ಕೊನೆಗೆ ಬ್ಯಾಟರಿ ಬ್ರೇಕರ್. ಪ್ಯಾನೆಲ್ ಚಾಲೂ ಇರುವಾಗ ಬ್ಯಾಟರಿ ಕಿತ್ತರೆ ಚಾರ್ಜರ್ ಸುಟ್ಟುಹೋಗಬಹುದು. ತಾರಸಿಯಿಂದ ಬರುವ ಡಿಸಿ ತಂತಿಯ ಕನೆಕ್ಟರ್‌ಗಳನ್ನು ಬಿಸಿಲಿನಲ್ಲಿ ಎಳೆದು ಬಿಚ್ಚಬೇಡಿ. ಡಿಸಿಯ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ. ಸೆಟ್ಟಿಂಗ್ ಮಾತ್ರ ನೋಡುವುದಾದರೆ ಇದ್ಯಾವುದೂ ಆರಿಸಬೇಕಿಲ್ಲ, ಪರದೆ ಒತ್ತಿದರೆ ಸಾಕು. ಬದಲಿಸುವ ಮುಂಚೆ ಈಗಿರುವ ಪ್ರತಿ ಸಂಖ್ಯೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸಂಖ್ಯೆಗಳನ್ನು ಹೊಂದಿಸುವುದು

ಮೆನುವಿನಲ್ಲಿ ಮೊದಲು ಬ್ಯಾಟರಿಯ ಬಗೆ. ಟ್ಯೂಬ್ಯುಲರ್‌ಗೆ ಫ್ಲಡೆಡ್, ಲಿಥಿಯಂಗೆ ಲಿಥಿಯಂ. ಆ ಆಯ್ಕೆ ಇಲ್ಲದಿದ್ದರೆ ಯೂಸರ್ ಎಂದಿಟ್ಟು ಸಂಖ್ಯೆ ನೀವೇ ತುಂಬಬೇಕು.

16 ಸೆಲ್‌ನ ಲಿಥಿಯಂ ಪ್ಯಾಕ್‌ಗೆ ಬಲ್ಕ್ ಅಥವಾ ಬೂಸ್ಟ್ (ತುಂಬಿಸುವಾಗ ಏರುವ ಗರಿಷ್ಠ) ವೋಲ್ಟೇಜ್ 55.2ರಿಂದ 56, ಫ್ಲೋಟ್ (ತುಂಬಿದ ಮೇಲೆ ಕಾಯ್ದುಕೊಳ್ಳುವ ವೋಲ್ಟೇಜ್) 54ರ ಆಸುಪಾಸು, ಬಳಸುತ್ತಾ ಇಳಿದಾಗ ನಿಲ್ಲಬೇಕಾದ ಕಟ್ ಆಫ್ 48. ಈಕ್ವಲೈಸೇಷನ್ (ಟ್ಯೂಬ್ಯುಲರ್‌ಗೆಂದು ಆಗಾಗ ಹೆಚ್ಚು ವೋಲ್ಟೇಜ್ ಕೊಡುವ ಆಯ್ಕೆ) ಕಡ್ಡಾಯವಾಗಿ ಆಫ್. ನಾಲ್ಕು ಟ್ಯೂಬ್ಯುಲರ್ ಬ್ಯಾಟರಿಗಳ ಸಾಲಿಗೆ ಬೂಸ್ಟ್ 57.6ರ ಸುತ್ತ, ಫ್ಲೋಟ್ 54ರಿಂದ 55, ಕಟ್ ಆಫ್ 44ಕ್ಕಿಂತ ಕೆಳಗೆ ಬೇಡ. ನಿಮ್ಮ ಬ್ಯಾಟರಿಯ ಜೊತೆ ಬಂದ ಹಾಳೆಯಲ್ಲಿ ಬೇರೆ ಸಂಖ್ಯೆ ಇದ್ದರೆ ಆ ಹಾಳೆಯ ಮಾತೇ ನಡೆಯಲಿ.

ಚಾರ್ಜಿಂಗ್ ಕರೆಂಟ್ ಮಿತಿಯನ್ನು ಜನ ನೋಡುವುದೇ ಇಲ್ಲ. ಟ್ಯೂಬ್ಯುಲರ್‌ಗೆ ಸಾಮರ್ಥ್ಯದ ಹತ್ತರಲ್ಲೊಂದು ಭಾಗ, ಅಂದರೆ 150ರ ಬ್ಯಾಟರಿಗೆ 15 ಆಂಪಿಯರ್. ಲಿಥಿಯಂಗೆ ಅರ್ಧದವರೆಗೂ ನಡೆಯುತ್ತದೆ, 100ರದಕ್ಕೆ 50.

ಕೊನೆಗೆ, ಯಾವುದನ್ನು ಮೊದಲು ಬಳಸಬೇಕೆಂಬ ಆಯ್ಕೆ. ಸೋಲಾರ್, ಬ್ಯಾಟರಿ, ಆಮೇಲೆ ಲೈನ್ ಎಂಬ ಕ್ರಮ ಬಿಲ್ ಉಳಿಸುತ್ತದೆ, ಆದರೆ ರಾತ್ರಿ ಬ್ಯಾಟರಿ ಬರಿದಾಗಿರುತ್ತದೆ. ಗುರುವಾರ ಬೆಳಿಗ್ಗೆ ದುರಸ್ತಿಗೆಂದು ಲೈನ್ ತೆಗೆದರೆ ಕೈಯಲ್ಲಿ ಏನೂ ಇರುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಬಿಲ್‌ನ ಚಿಂತೆ ಬಿಟ್ಟು, ಬ್ಯಾಟರಿ ಶೇ 50ಕ್ಕೆ ಇಳಿದ ಕೂಡಲೇ ಲೈನ್‌ಗೆ ಮರಳುವಂತೆ ಇಡಿ ಎಂದೇ ನಾನು ಹೇಳುವುದು.

ನಮ್ಮ ಮನೆಯ ಮಧ್ಯಾಹ್ನದ ದೋಷ

ಪ್ಯಾಕ್‌ನ ಬ್ಲೂಟೂತ್ ಆ್ಯಪ್ ತೆರೆದು ಹನ್ನೆರಡು ಗಂಟೆಗೆ ಅದರ ಮುಂದೆ ಕೂತೆ. 16 ಸೆಲ್‌ಗಳ ಪಟ್ಟಿ. ಎಲ್ಲವೂ 3.42, 3.43 ಎಂದು ನಿಧಾನ ಏರುತ್ತಿದ್ದವು. ಒಂಬತ್ತನೆಯದು ಮಾತ್ರ 3.50, 3.56, 3.61 ಎಂದು ಓಡತೊಡಗಿತು. 3.65 ಮುಟ್ಟಿದ್ದೇ ತಡ, ಪ್ಯಾಕ್ ಒಳಗಿನ ಕಾವಲುಗಾರ ಬಿಎಂಎಸ್ ಟಕ್ಕೆಂದು ಚಾರ್ಜಿಂಗ್ ಕಡಿದುಹಾಕಿತು. ತುಂಬಿಸುತ್ತಿದ್ದ ಕರೆಂಟ್‌ಗೆ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಹಾರಿ, ಇನ್ವರ್ಟರ್ ‘ಬ್ಯಾಟರಿ ವೋಲ್ಟೇಜ್ ಹೆಚ್ಚು’ ಎಂದು ತಾನೂ ಬಾಗಿಲು ಹಾಕಿಕೊಂಡಿತು. ಇನ್ವರ್ಟರ್‌ನಲ್ಲಿದ್ದ ಬೂಸ್ಟ್ ನೋಡಿದರೆ 58.4. ಟ್ಯೂಬ್ಯುಲರ್ ಕಾಲದ್ದು. 16ರಿಂದ ಭಾಗಿಸಿದರೆ ತಲಾ 3.65, ಮಿತಿಯ ಅಂಚೇ.

ಮಾಡಿದ್ದು ಇಷ್ಟು. ಬಗೆ ಬದಲಿಸಿ, ಬೂಸ್ಟ್ 54.4ಕ್ಕೆ ಇಳಿಸಿ, ಚಾರ್ಜಿಂಗ್ ಕರೆಂಟ್ 10 ಆಂಪಿಯರ್‌ಗೆ ತಂದು ಒಂದು ವಾರ ಬಿಟ್ಟೆ. ನಮ್ಮ ಪ್ಯಾಕ್‌ನ ಬಿಎಂಎಸ್ ಸೆಲ್‌ಗಳನ್ನು ಸಮ ಮಾಡುವ ಕೆಲಸಕ್ಕೆ ಇಳಿಯುವುದು 3.4 ವೋಲ್ಟ್ ದಾಟಿದ ಮೇಲೆ, ಅದೂ ಇರುವೆ ನಡಿಗೆಯಲ್ಲಿ. ಅದಕ್ಕೆ ಸಮಯ ಕೊಡಬೇಕು. ವಾರದ ಕೊನೆಗೆ ಒಂಬತ್ತನೆಯ ಸೆಲ್ ಉಳಿದವುಗಳ ಸಾಲಿಗೆ ಬಂತು. ಬೂಸ್ಟ್ 55.2ಕ್ಕೆ ಏರಿಸಿದೆ. ನೆಬ್ಯುಲೈಸರ್ ಆಮೇಲೆ ನಿಂತಿಲ್ಲ. ವಾರಗಟ್ಟಲೆ ಹೀಗೆ ಮಾಡಿದರೂ ಒಂದೇ ಸೆಲ್ ಓಡುತ್ತಿದ್ದರೆ ಆಗ ಆ ಸೆಲ್ ನಿಜಕ್ಕೂ ಕೆಟ್ಟಿದೆ, ವಾರಂಟಿಗೆ ಹೋಗಿ. ಆ್ಯಪ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿದ್ದರೆ ಯಾರೂ ಮಾತು ತಿರುಗಿಸಲಾರರು.

ಉಳಿದ ದೋಷಗಳು

ಶೇ 40 ಎಂದು ತೋರಿಸುತ್ತಲೇ ರಾತ್ರಿ ತಟ್ಟನೆ ಆರಿಹೋಗುವುದು ಪುಣೆಯ ಮಳೆಗಾಲದ ರೋಗ. ಲಿಥಿಯಂನ ವೋಲ್ಟೇಜ್ ನಡುವಿನ ಹಂತದಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ, ಬಿಎಂಎಸ್ ಒಳಬಂದ, ಹೊರಹೋದ ಕರೆಂಟನ್ನು ಕೂಡಿ ಕಳೆದು ಶೇಕಡಾ ಹೇಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಮೋಡ ಕವಿದು ಬ್ಯಾಟರಿ ಪೂರ್ತಿ ತುಂಬದಿದ್ದರೆ ಆ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಮಳೆಗಾಲಕ್ಕೆ ಚಾರ್ಜಿಂಗ್ ಆಯ್ಕೆಯನ್ನು ‘ಸೋಲಾರ್ ಮತ್ತು ಲೈನ್’ ಎಂದು ಬದಲಿಸಿ, ಎರಡು ವಾರಕ್ಕೊಮ್ಮೆ ನೂರಕ್ಕೆ ನೂರು ತುಂಬಲು ಬಿಡಿ. ಲೆಕ್ಕ ಸರಿಹೋಗುತ್ತದೆ.

ಭಾರದ ಲೋಡ್ ಹಾಕಿದಾಗ ಮಾತ್ರ ‘ಬ್ಯಾಟರಿ ಕಡಿಮೆ’ ಎಂದರೆ ತಂತಿಯ ಕೊನೆಗಳನ್ನು ಅನುಮಾನಿಸಿ. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಚಾಲೂ ಇಟ್ಟು, ಮಲ್ಟಿಮೀಟರ್‌ನಿಂದ ಬ್ಯಾಟರಿಯ ಮೇಲಿನ ವೋಲ್ಟೇಜ್ ಅಳೆಯಿರಿ, ಇನ್ವರ್ಟರ್ ಪರದೆಯ ಸಂಖ್ಯೆಗೆ ಹೋಲಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲಿ ಎಲ್ಲೋ ನಟ್ ಸಡಿಲವಾಗಿದೆ. 3000 ವ್ಯಾಟ್ ಲೋಡ್‌ಗೆ 51.2 ವೋಲ್ಟ್ ಬ್ಯಾಟರಿಯಿಂದ ಸುಮಾರು 60 ಆಂಪಿಯರ್ ಹರಿಯುತ್ತದೆ. ಸಡಿಲ ಲಗ್‌ನಲ್ಲಿ (ತಂತಿಯ ತುದಿಯ ಲೋಹದ ಬಳೆ) ಬರೀ 5 ಮಿಲಿಓಮ್ ತಡೆ ಇದ್ದರೂ ಅಲ್ಲಿ 18 ವ್ಯಾಟ್ ಶಾಖ, ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಕಾತ್ರಜ್‌ನ ಒಂದು ಮನೆಯಲ್ಲಿ ಕೆಂಪು ತಂತಿಯ ಪ್ಲಾಸ್ಟಿಕ್ ಲಗ್‌ನ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಬೆಲ್ಲದ ಪಾಕದಂತೆ ಜಾರಿತ್ತು. ಎಲ್ಲ ಆರಿಸಿ, ಲಗ್ ಹೊಸದು ಹಾಕಿಸಿ, ಬಿಗಿ ಮಾಡಿಸಿ. ಟ್ಯೂಬ್ಯುಲರ್ ಕೊನೆಗಳ ಮೇಲಿನ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೇಲೆ ವ್ಯಾಸಲೀನ್ ಹಚ್ಚಿ.

ಟ್ಯೂಬ್ಯುಲರ್ ಸಾಲಿನಲ್ಲಿ ನಾಲ್ಕನ್ನೂ ಬೇರೆ ಬೇರೆ ಅಳೆಯಿರಿ. ತುಂಬಿದ ಮೇಲೆ ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.7ರ ಹತ್ತಿರ ಇರಬೇಕು. ಒಂದು ಮಾತ್ರ 12.2 ತೋರಿಸಿದರೆ ಅದೇ ಉಳಿದ ಮೂರನ್ನೂ ಎಳೆಯುತ್ತಿರುವುದು. ಹಳೆಯ ಮೂರರ ಜೊತೆ ಹೊಸದೊಂದನ್ನು ಸೇರಿಸಿದರೆ ಹೊಸದೂ ಬೇಗ ಹೋಗುತ್ತದೆ. ನೀರು ಎಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅಡುಗೆಮನೆಯ ಆರ್‌ಒ ನೀರಲ್ಲ. ಆ್ಯಸಿಡ್ ಅಂತೂ ಯಾವತ್ತೂ ಸುರಿಯಬೇಡಿ.

‘ಬಿಎಂಎಸ್ ಸಂಪರ್ಕವಿಲ್ಲ’ ಎಂಬ ಸಂದೇಶ ಬಂದರೆ ಇನ್ವರ್ಟರ್‌ಗೂ ಪ್ಯಾಕ್‌ಗೂ ನಡುವಿನ ಡೇಟಾ ಕೇಬಲ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ. ಸಿಎಎನ್, ಆರ್‌ಎಸ್485 ಎಂಬ ಎರಡು ತೂತು ಒಂದೇ ತರಹ ಕಾಣುತ್ತವೆ, ಅದಲುಬದಲಾಗಿರಬಹುದು. ಇಂಟರ್‌ನೆಟ್‌ನ ಕೇಬಲ್ ಅಲ್ಲಿ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿರುವುದರಿಂದ ಎಷ್ಟೋ ಸಲ ಮಾತಾಡುವುದಿಲ್ಲ.

ಬ್ಯಾಟರಿ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ಮೇಲೆ ಹೇಳಿದ ಕ್ರಮದಲ್ಲಿ ಆರಿಸಿ, ಕಿಟಕಿ ತೆರೆದು, ಹೊರಗೆ ಬಂದು ತಜ್ಞರನ್ನು ಕರೆಯಿರಿ.

ಊರಿಗೆ ಹೋಗುವಾಗ

ದಸರೆ, ಜಾತ್ರೆ, ಮದುವೆ ಎಂದು ಹದಿನೈದು ದಿನ ಊರಿಗೆ ಹೋಗುವವರು ಇದನ್ನು ಮರೆಯುತ್ತಾರೆ. ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ಮನೆ ಚಾಲೂ ಇದ್ದರೂ 50 ವ್ಯಾಟ್‌ನಷ್ಟು ತಿನ್ನಬಹುದು. ದಿನಕ್ಕೆ 1.2 ಯೂನಿಟ್. ಲೈನ್ ಸ್ವಿಚ್ ಆರಿಸಿ ಹೋಗಿದ್ದು, ಪ್ಯಾನೆಲ್‌ನಿಂದಲೂ ಏನೂ ಬರದಿದ್ದರೆ 5 ಯೂನಿಟ್‌ನ ಪ್ಯಾಕ್ ನಾಲ್ಕೇ ದಿನದಲ್ಲಿ ಬರಿದು. ಆಮೇಲೆ ಬಿಎಂಎಸ್ ನಿದ್ದೆಗೆ ಜಾರಿ, ನೀವು ವಾಪಸ್ ಬಂದಾಗ ಬ್ಯಾಟರಿಯೇ ಇಲ್ಲವೆಂದು ಇನ್ವರ್ಟರ್ ಹೇಳುತ್ತದೆ. ಎಷ್ಟೋ ಪ್ಯಾಕ್‌ಗಳು ಪಕ್ಕದ ಗುಂಡಿ ಒತ್ತಿದರೆ ಏಳುತ್ತವೆ, ಕೆಲವಕ್ಕೆ ತಂತ್ರಜ್ಞರೇ ಬರಬೇಕು.

ಆದ್ದರಿಂದ ಹೊರಡುವ ದಿನ ಫ್ರಿಜ್ ಖಾಲಿ ಮಾಡಿ, ಲಿಥಿಯಂ ಆದರೆ ಶೇ 50ರಿಂದ 60ರಲ್ಲಿ, ಟ್ಯೂಬ್ಯುಲರ್ ಆದರೆ ಪೂರ್ತಿ ತುಂಬಿಸಿ ಲೋಡ್, ಲೈನ್, ಪ್ಯಾನೆಲ್, ಬ್ಯಾಟರಿ ಹೀಗೆ ಆರಿಸುತ್ತಾ ಬನ್ನಿ. ಮರಳಿದ ಮೇಲೆ ಮೊದಲು ಬ್ಯಾಟರಿ ಬ್ರೇಕರ್ ಏರಿಸಿ, ಪರದೆ ಬೆಳಗುವವರೆಗೆ ಕಾದು ಪ್ಯಾನೆಲ್, ಆಮೇಲೆ ಲೈನ್, ಕೊನೆಗೆ ಮನೆಯ ಲೋಡ್.